ಹಿತ್ತಿಲ ಕೊಳವೂ ನೆಲದೊಳಗಿನ ಕೊಳವೆಯೂ

ಕೆರೆಯನ್ನು ಕಟ್ಟಿಸುವುದನ್ನೂ ಬಾವಿಯನ್ನು ತೋಡಿಸುವುದನ್ನೂ ನಮ್ಮ ಹಿರಿಯರು ಪುಣ್ಯಕಾರ್ಯಗಳಲ್ಲಿ ಎಣಿಸಿದ್ದರು. ಸಪ್ತಸಂತಾನಗಳೆಂದು ಹೆಸರಾದ ಏಳರಲ್ಲಿ ತಟಾಕನಿರ್ಮಾಣವೂ ಒಂದು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಊರ ನಡುವಣ ಕಲ್ಯಾಣಿಯನ್ನು ನೋಡಿದವರಿಗೆ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೊದಲಾದ ಆ ಕೆಲಸದ ಘನತೆಯು ತಾನಾಗಿಯೇ ಮನಸ್ಸಿಗೆ ಬರುತ್ತದೆ. ಅರಸರಿಗೆ ಕೆರೆ ಕಲ್ಯಾಣಿಗಳು ಉಚಿತವಾದರೆ, ನಮ್ಮಂತಹ ಸಾಧಾರಣ ಗೃಹಸ್ಥರಿಗೆ ಹಿತ್ತಿಲಿನಲ್ಲಿ ಹತ್ತಡಿ ಉದ್ದದ ಒಂದು ಕೊಳವಿದ್ದರೆ ಸಾಕು. ಅದರಲ್ಲಿ ನಾಲ್ಕು ನೈದಿಲೆಗಳು ಅರಳಿದರೆ ದೇವರ ಪೂಜೆಗೆ ಹೂವಾಯಿತು. ನಾಲ್ಕು ಮೀನುಗಳು ಓಡಾಡಿದರೆ ಮಕ್ಕಳಿಗೆ ಸಂತೋಷವಾಯಿತು. ಬೇಸಗೆಯಲ್ಲಿ ಬಾಯಾರಿದ ಹಕ್ಕಿಗಳಿಗೆ ನೀರಾಯಿತು.

ದುದ್ದದ ನಮ್ಮ ಮನೆಯ ಹಿತ್ತಿಲಿನಲ್ಲಿ ಇಂತಹ ಕೊಳವೊಂದುಂಟು. ಹನ್ನೆರಡು ವರ್ಷಗಳ ಕೆಳಗೆ, ನಾನಿನ್ನೂ ಪಾಠಶಾಲೆಯ ಕೆಲಸದಲ್ಲಿದ್ದಾಗ, ಬೇಸಗೆಯ ರಜದಲ್ಲಿ ಅದನ್ನು ತೋಡಿಸಿದೆನು. ಕೊಳವು ಆದ ಮೇಲೆ ಎರಡು ಅಗತ್ಯಗಳು ಒಂದರ ಹಿಂದೊಂದು ತೋರಿದವು. ಮೊದಲನೆಯದು ನೀರು. ಬಿಸಿಲಿಗೆ ಆರಿಹೋದಷ್ಟನ್ನು ತುಂಬದಿದ್ದರೆ ಶಿವರಾತ್ರಿ ಕಳೆಯುವಷ್ಟರಲ್ಲಿ ಕೊಳದಲ್ಲಿ ಕೆಸರೇ ಉಳಿಯುತ್ತದೆ. ದಿನವೂ ಕೊಡ ಹೊತ್ತು ತುಂಬುವುದು ಮನೆಯವರಿಗೆ ಶಿಕ್ಷೆ. ಎರಡನೆಯದು ವಿದ್ಯುತ್ತು. ನಿಂತ ನೀರಿನಲ್ಲಿ ಸೊಳ್ಳೆಯು ಮೊಟ್ಟೆಯಿಡುತ್ತದೆ. ಡೆಂಗೆ ಜ್ವರವು ಎಲ್ಲ ಊರುಗಳಿಗೂ ಪರಿಚಿತವಾಗಿರುವ ಈ ಕಾಲದಲ್ಲಿ ಅದನ್ನು ಉಪೇಕ್ಷಿಸಕೂಡದು. ಸಣ್ಣದೊಂದು ಮೋಟಾರಿನಿಂದ ನೀರನ್ನು ಎತ್ತಿ ಮತ್ತೆ ಬೀಳಿಸುತ್ತಿದ್ದರೆ ನೀರು ಚಲಿಸುತ್ತಿರುವುದು. ಮೀನುಗಳಿಗೆ ಉಸಿರಾಡಲು ಅನುಕೂಲವಾಗುವುದು. ಹೀಗೆ ನೀರು, ವಿದ್ಯುತ್ತು ಎರಡನ್ನೂ ಮನೆಯಿಂದ ಎಂಬತ್ತು ಅಡಿ ದೂರದ ಕೊಳಕ್ಕೆ ನೆಲದೊಳಗೇ ಒಯ್ಯಬೇಕಾಯಿತು. ಆ ಕೆಲಸವನ್ನು ನಾನು ಮಾಡಿಸಿದ ಬಗೆಯನ್ನೂ, ಅದರಿಂದ ಬಂದ ಆಪತ್ತನ್ನೂ, ಆಮೇಲೆ ತಿದ್ದಿಕೊಂಡ ರೀತಿಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲ ಸಲ ನಾನು ಖರ್ಚನ್ನು ನೋಡಿದೆನೇ ಹೊರತು ಪರಿಣಾಮವನ್ನು ನೋಡಲಿಲ್ಲ. ಬಚ್ಚಲುಮನೆಯ ಮೂಲೆಯಿಂದ ಕೊಳದವರೆಗೆ ಹಿತ್ತಿಲಿಗೆ ಅಡ್ಡಲಾಗಿ, ಒಂದು ಗೇಣಿನಷ್ಟು ಮಾತ್ರ ಅಗೆಸಿ, ಗೋಡೆಯೊಳಗೆ ಹಾಕುವ ಸಾಧಾರಣ ತಂತಿಯನ್ನೇ ತೆಳುವಾದ ಕೊಳವೆಯಲ್ಲಿ ತೂರಿಸಿ, ಮೇಲೆ ಮಣ್ಣೆಳೆಸಿಬಿಟ್ಟೆನು. ಮೋಟಾರು ತಿರುಗಿತು, ದೀಪ ಹತ್ತಿತು, ನೋಡಿದವರು ಮೆಚ್ಚಿದರು. ಎರಡು ಮಳೆಗಾಲ ಕಳೆದು ಹುಲ್ಲು ಬೆಳೆಯಿತು. ತಂತಿ ಯಾವ ದಾರಿಯಲ್ಲಿ ಹೋಗಿದೆಯೆಂಬುದು ನೆಲಕ್ಕೂ ಮರೆಯಿತು, ನನಗೂ ಮರೆಯಿತು.

ಹೋದ ವರ್ಷ ಮುಂಗಾರಿನಲ್ಲಿ ತೆಂಗಿನ ಸಸಿ ನೆಡಲು ಗುಂಡಿ ತೆಗೆಯಹೇಳಿ, ನಮ್ಮ ತೋಟದ ಕೆಲಸದವನಿಗೆ ನಾನೇ ಜಾಗವನ್ನು ತೋರಿಸಿದೆನು. ನಾಲ್ಕನೆಯ ಏಟಿಗೆ ಗುದ್ದಲಿಯು ತಂತಿಯನ್ನು ಕತ್ತರಿಸಿತು. ಚಟ್ಟೆಂದು ಶಬ್ದವಾಗಿ ಕಿಡಿ ಹಾರಿತು. ಮನೆಯ ದೀಪಗಳು ಆರಿದವು. ಆ ಮನುಷ್ಯನು ಹಿಂದಕ್ಕೆ ಬಿದ್ದನು. ಆತನ ಕೈಯಲ್ಲಿದ್ದುದು ಕಬ್ಬಿಣದ ಹಾರೆಯಾಗಿರದೆ ಮರದ ಹಿಡಿಯ ಗುದ್ದಲಿಯಾಗಿದ್ದುದು ಅವನ ಪುಣ್ಯ, ಅವನ ಮಕ್ಕಳ ಪುಣ್ಯ, ಅದಕ್ಕಿಂತ ಹೆಚ್ಚಾಗಿ ನನ್ನ ಪುಣ್ಯ. ವೈದ್ಯರು ನೋಡಿ ಭಯವಿಲ್ಲವೆಂದರು. ಸಂಜೆ ಅವನು ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾ, “ಕೆಳಗೆ ತಂತಿ ಐತೆ ಅಂತ ಒಂದು ಮಾತು ಹೇಳಬಾರದಿತ್ತೇ, ಮೇಷ್ಟ್ರೇ?” ಎಂದು ಕೇಳಿದನು. ಅದರಲ್ಲಿ ಕೋಪವಿರಲಿಲ್ಲ. ಆದರೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ದಿಕ್ಕು, ಅಳತೆ, ನಕ್ಷೆಗಳನ್ನು ಕಲಿಸಿದ ನಾನು, ನನ್ನ ಹಿತ್ತಿಲಿನ ನಕ್ಷೆಯೊಂದನ್ನು ಬರೆದಿಡಲಿಲ್ಲವಲ್ಲಾ ಎಂಬ ಲಜ್ಜೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನೆಲದೊಳಗೆ ಹೂಳಿದ ವಸ್ತುವಿನ ಮುಖ್ಯ ದೋಷವೆಂದರೆ ಅದು ಕಾಣಿಸದಿರುವುದು. ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ‘ದಕಾರ್ಗಲ’ವೆಂಬ ಒಂದು ಅಧ್ಯಾಯವನ್ನೇ ಭೂಗರ್ಭದ ನೀರಿಗೆ ಮೀಸಲಿಟ್ಟಿದ್ದಾನೆ. ಶರೀರದಲ್ಲಿ ನಾಳಗಳಿರುವಂತೆ ಭೂಮಿಯಲ್ಲಿಯೂ ಜಲದ ಶಿರೆಗಳಿರುವುವೆಂದು ತಿಳಿದು, ಮರ, ಹುತ್ತ, ಕಲ್ಲುಗಳ ಗುರುತುಗಳಿಂದ ಅವನ್ನು ಕಂಡುಹಿಡಿಯುವ ಬಗೆಯನ್ನು ಅಲ್ಲಿ ಹೇಳಿದ್ದಾನೆ. ಅಂದರೆ, ಒಳಗಿರುವುದಕ್ಕೆ ಹೊರಗೊಂದು ಗುರುತು ಬೇಕೆಂಬುದೇ ಅದರ ತಾತ್ಪರ್ಯ.

ಮನುಷ್ಯರು ಮಾಡಿದ ನಾಳಗಳನ್ನು ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು. ೧೬೫೧ರಲ್ಲಿ ಮುಹಮ್ಮದ್ ಆದಿಲ್‌ಶಾಹನು ಕಟ್ಟಿಸಿದ ಬೇಗಂ ತಾಲಾಬಿನಿಂದ ನಗರಕ್ಕೆ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಕೊಳವೆಗಳ ಸುತ್ತ ಗಾರೆಯ ಕಟ್ಟಡ. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಎತ್ತರವಾದ ಗೋಪುರಗಳು. ನೀರಿನ ಒತ್ತಡವು ಮಿತಿಮೀರಿ ಕೊಳವೆ ಒಡೆಯದಂತೆ ತಡೆಯುವುದೂ, ಹೂಳನ್ನು ತಳದಲ್ಲಿ ನಿಲ್ಲಿಸುವುದೂ ಅವುಗಳ ಕೆಲಸ. ಭೂಮಿಯೊಳಗಿನ ದಾರಿಯನ್ನು ಮೇಲಿನವರಿಗೆ ತೋರಿಸುವುದು ಅವುಗಳಿಂದಾಗುವ ಮತ್ತೊಂದು ಉಪಕಾರ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಕಾಲುವೆಯುಂಟು. ಅದರ ಮೇಲೆಯೂ ಉದ್ದಕ್ಕೂ ಬಾವಿಯಂತಹ ಬಾಯಿಗಳಿವೆ. ಆ ಬಾಯಿಗಳು ಮುಚ್ಚಿದಾಗ ಸುರಂಗವೂ ಹೂಳು ತುಂಬಿ ಮರೆತುಹೋಯಿತು. ೨೦೧೦ರ ಈಚಿನ ವರ್ಷಗಳಲ್ಲಿ ಹೂಳೆತ್ತಿದ ಮೇಲೆ ಮತ್ತೆ ಬೆಳಕಿಗೆ ಬಂದಿತು. ವಿದ್ಯುತ್ತಿನ ತಂತಿಯಾದರೋ ನಮ್ಮ ನಾಡಿಗೆ ಕಂಬಗಳ ಮೇಲೆ ಬಂದದ್ದು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲಿ ಹೋದ ತಂತಿಯನ್ನು ದಾರಿಹೋಕರೆಲ್ಲರೂ ಕಾಣಬಹುದಾಗಿತ್ತು. ಕಾಣುವ ತಂತಿಗೆ ಜನ ಹೆದರುತ್ತಾರೆ. ಹೂಳಿದ ತಂತಿಗೆ ಹೆದರುವವರಿಲ್ಲ. ಆದುದರಿಂದ ಹೂಳುವವನೇ ಎಲ್ಲರ ಪರವಾಗಿ ಹೆದರಬೇಕು.

ಇನ್ನು ನಾನು ಎರಡನೆಯ ಸಲ, ಸರಕಾರದ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರೊಬ್ಬರಿಂದ, ಮಾಡಿಸಿದ ಕ್ರಮವನ್ನು ಹೇಳುತ್ತೇನೆ.

ಮೊದಲು ದಾರಿ. ಹಿತ್ತಿಲಿಗೆ ಅಡ್ಡಲಾಗಿ ಹೋಗುವುದು ಹತ್ತಿರವಾದರೂ ಯುಕ್ತವಲ್ಲ. ನಾಳೆ ಅಗೆಯುವ ಜಾಗವೇ ಅದು. ಕಾಂಪೌಂಡು ಗೋಡೆಯಿಂದ ಎರಡಡಿ ಈಚೆಗೆ ಗೋಡೆಯ ಉದ್ದಕ್ಕೂ ಹಗ್ಗ ಹಿಡಿದು, ಸುಣ್ಣದ ಪುಡಿಯಿಂದ ಗೆರೆ ಎಳೆಸಿದೆವು. ದೂರ ಮೂವತ್ತು ಅಡಿ ಹೆಚ್ಚಿತು; ಆದರೂ ಆ ಖರ್ಚು ವ್ಯರ್ಥವಲ್ಲ.

ಅನಂತರ ಆಳ. ಕೆಲಸದವರು ಟ್ರೆಂಚು ಎನ್ನುವ ಆ ನೀಳ ಗುಂಡಿಯು ಎರಡೂವರೆ ಅಡಿ ಆಳವಿರತಕ್ಕದ್ದು. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಸೀಳದಿರಲೆಂದು ಆಳಕ್ಕೆ ಹೂಳುತ್ತಾರೆ. ನಮ್ಮಲ್ಲಿ ಆ ಭಯವಿಲ್ಲ. ನಮಗೆ ಭಯ ಗುದ್ದಲಿಯದು, ಗಾಡಿಯ ಚಕ್ರದ್ದು, ಹೆಗ್ಗಣದ್ದು. ನೀರಿನ ಕೊಳವೆಗೂ ವಿದ್ಯುತ್ತಿನ ತಂತಿಗೂ ಒಂದೇ ಟ್ರೆಂಚು ಸಾಕಾದರೂ, ಅದನ್ನು ಅಗಲವಾಗಿ ತೆಗೆದು ಎರಡರ ನಡುವೆ ಕಡಮೆಯೆಂದರೆ ಒಂದಡಿ ಅಂತರವನ್ನು ಬಿಡಬೇಕು. ಒಂದನ್ನು ದುರಸ್ತಿ ಮಾಡುವಾಗ ಮತ್ತೊಂದಕ್ಕೆ ಪೆಟ್ಟಾಗಬಾರದು.

ತಂತಿಯು ಉಕ್ಕಿನ ಕವಚವುಳ್ಳದ್ದಾಗಿರಬೇಕು. ಅಂಗಡಿಯಲ್ಲಿ ಇದಕ್ಕೆ ಆರ್ಮರ್ಡ್ ಕೇಬಲ್ ಎನ್ನುತ್ತಾರೆ. ತಳದಲ್ಲಿ ನಾಲ್ಕು ಅಂಗುಲ ಮರಳು, ಅದರ ಮೇಲೆ ಕೇಬಲ್, ಮತ್ತೆ ಮರಳು, ಅದರ ಮೇಲೆ ಅಡ್ಡಲಾಗಿ ಜೋಡಿಸಿದ ಇಟ್ಟಿಗೆಯ ಸಾಲು, ಆಮೇಲೆ ಮಣ್ಣು. ಮಣ್ಣು ಅರ್ಧ ತುಂಬಿದಾಗ ಎಚ್ಚರಿಕೆಯ ಬಣ್ಣದ ಪಟ್ಟಿಯೊಂದನ್ನು ಉದ್ದಕ್ಕೂ ಹಾಸಬೇಕು. ಅಗೆಯುವವನಿಗೆ ಮೊದಲು ಪಟ್ಟಿ ಸಿಕ್ಕುತ್ತದೆ, ಬಳಿಕ ಇಟ್ಟಿಗೆ ಸಿಕ್ಕುತ್ತದೆ. ಎರಡು ಸಲ ಎಚ್ಚರಗೊಂಡ ಮೇಲೂ ಮುಂದಕ್ಕೆ ಅಗೆಯುವವರು ವಿರಳ. ನೆಲದೊಳಗೆ ತಂತಿಯ ಗಂಟು ಇರಕೂಡದು. ಜೋಡಣೆಗಳೆಲ್ಲವೂ ನೆಲದ ಮೇಲೆ, ಮಳೆನೀರು ಹೊಗದ ಪೆಟ್ಟಿಗೆಯಲ್ಲಿರಬೇಕು.

ನೀರಿನ ಕೊಳವೆಯ ವಿಷಯದಲ್ಲಿ ಮೂರು ಮಾತು. ಒಂದು, ಅಗಲದಲ್ಲಿ ಜಿಪುಣತನ ಬೇಡ. ಅರ್ಧ ಅಂಗುಲದ ಬದಲು ಒಂದು ಅಂಗುಲದ ಕೊಳವೆಯನ್ನು ಹಾಕಿದರೆ, ಅಷ್ಟೇ ನೀರು ಹರಿಯುವಾಗ ಘರ್ಷಣೆಯಿಂದಾಗುವ ನಷ್ಟವು ಸುಮಾರು ೩೦ರಲ್ಲಿ ೧ ಪಾಲಿಗೆ ಇಳಿಯುತ್ತದೆ. ಎರಡು, ಮಣ್ಣು ಮುಚ್ಚುವ ಮೊದಲು ತುದಿಯನ್ನು ಬಂಧಿಸಿ, ಒಂದು ರಾತ್ರಿಯೆಲ್ಲ ನೀರು ತುಂಬಿಟ್ಟು ಪರೀಕ್ಷಿಸಬೇಕು. ನಮ್ಮ ಕೊಳವೆಯ ಎರಡನೆಯ ತಿರುವಿನಲ್ಲಿ ಬೆಳಗ್ಗೆ ತೇವ ಕಂಡಿತು. ಮುಚ್ಚಿದ್ದರೆ ಅದು ವರ್ಷಗಟ್ಟಲೆ ಸೋರುತ್ತಿತ್ತು. ಮೂರು, ನೀರು ಬೀಳುವ ತುದಿಯು ಕೊಳದ ನೀರಿನಲ್ಲಿ ಮುಳುಗಿರಕೂಡದು. ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿರಬೇಕು. ಮುಳುಗಿದ್ದ ಪಕ್ಷದಲ್ಲಿ, ನಲ್ಲಿಯಲ್ಲಿ ಒತ್ತಡವು ತಗ್ಗಿದಾಗ ಕೊಳದ ನೀರು ಹಿಂದಕ್ಕೆ ಸೆಳೆಯಲ್ಪಟ್ಟು ಕುಡಿಯುವ ನೀರಿನೊಡನೆ ಸೇರಬಹುದು. ನೈದಿಲೆಗೆ ನೀರಿನ ಅಲುಗಾಟವು ಹಿಡಿಸದಾದ್ದರಿಂದ ನೀರು ಬೀಳುವ ತುದಿಯನ್ನು ಹೂವಿನಿಂದ ದೂರದ ಮೂಲೆಯಲ್ಲಿಡುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಣರಕ್ಷಣೆ. ಸಾಧಾರಣ ಫ್ಯೂಸು ತಂತಿಯನ್ನು ಕಾಪಾಡುತ್ತದೆ, ಮನುಷ್ಯನನ್ನಲ್ಲ. ಪ್ರಾಣ ತೆಗೆಯುವಷ್ಟು ವಿದ್ಯುತ್ತು ದೇಹದಲ್ಲಿ ಹರಿದರೂ ಫ್ಯೂಸಿಗೆ ಅದು ಲೆಕ್ಕಕ್ಕೇ ಬಾರದಷ್ಟು ಅಲ್ಪ. ಆದುದರಿಂದ ಆರ್.ಸಿ.ಸಿ.ಬಿ. ಎಂಬ ಉಪಕರಣವನ್ನು ಮೀಟರಿನ ಮುಂದೆ ಹಾಕಿಸಬೇಕು. ಹೋದ ವಿದ್ಯುತ್ತನ್ನೂ ಹಿಂದಿರುಗಿದ ವಿದ್ಯುತ್ತನ್ನೂ ಅದು ಜಾಣನಾದ ಶಾನುಭೋಗನಂತೆ ತಾಳೆ ನೋಡುತ್ತಿರುತ್ತದೆ. ೩೦ ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೂ, ಅಂದರೆ ಅಷ್ಟು ಬೇರೆ ದಾರಿಯಲ್ಲಿ ಸೋರಿದರೂ, ರೆಪ್ಪೆ ಬಡಿಯುವಷ್ಟರಲ್ಲಿ ಸಂಪರ್ಕವನ್ನು ಕಡಿದುಬಿಡುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ನಮ್ಮ ಮನೆಯಲ್ಲಿ ಹುಣ್ಣಿಮೆಯ ದಿನ ಈ ಕೆಲಸ ಸೊಸೆಯ ಪಾಲಿಗೆ ಬಂದಿದೆ. ಇದರೊಡನೆ ಸರಿಯಾದ ಅರ್ತಿಂಗು ಇರಲೇಬೇಕು. ನೀರಿನೊಳಗಿಡುವ ದೀಪಗಳಿಗೆ ಮನೆಯ ೨೩೦ ವೋಲ್ಟನ್ನು ಕೊಡದೆ, ಟ್ರಾನ್ಸ್‌ಫಾರ್ಮರಿನಿಂದ ೧೨ ವೋಲ್ಟಿಗೆ ಇಳಿಸಿ ಕೊಡುವುದು ಕ್ಷೇಮಕರ. ಇಷ್ಟೆಲ್ಲ ಇದ್ದರೂ ಮೋಟಾರನ್ನು ನಿಲ್ಲಿಸಿ ಪ್ಲಗ್ಗನ್ನು ತೆಗೆಯದೆ ಕೊಳಕ್ಕೆ ಕೈಹಾಕಕೂಡದೆಂಬುದು ಮನೆಯ ನಿಯಮವಾಗಿರಲಿ.

ಕೊನೆಯದಾಗಿ, ನಾನು ಮೊದಲು ಬಿಟ್ಟಿದ್ದ ಕೆಲಸ. ಮಣ್ಣು ಮುಚ್ಚುವ ಹಿಂದಿನ ದಿನ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಅಳತೆಪಟ್ಟಿ ಹಿಡಿದು ಹೋದೆನು. ಮನೆಯ ಈಶಾನ್ಯ ಮೂಲೆ, ಬಾವಿಯ ಕಟ್ಟೆ, ಇವೆರಡೂ ಕದಲದ ಗುರುತುಗಳು. ಪ್ರತಿಯೊಂದು ತಿರುವಿಗೂ ಈ ಎರಡರಿಂದಲೂ ಇರುವ ದೂರವನ್ನು ಅಳೆದು ಬರೆದೆವು. ಎರಡು ಅಳತೆಗಳು ಸೇರುವ ಕಡೆ ತಿರುವು ತಪ್ಪದೆ ಸಿಕ್ಕುತ್ತದೆ. ತಿರುವುಗಳಲ್ಲಿ ಒಂದೊಂದು ಕಲ್ಲು ನೆಟ್ಟು, ನೀರಿಗೆ ‘ನೀ’ ಎಂದೂ ವಿದ್ಯುತ್ತಿಗೆ ‘ವಿ’ ಎಂದೂ ಕೆತ್ತಿಸಿದೆವು. ನಕ್ಷೆಯ ಒಂದು ಪ್ರತಿಯು ಮೀಟರ್ ಬೋರ್ಡಿನ ಪಕ್ಕದಲ್ಲಿಯೂ, ಮತ್ತೊಂದು ಮನೆಯ ಪತ್ರಗಳೊಡನೆ ಪೆಟ್ಟಿಗೆಯಲ್ಲಿಯೂ ಇದೆ. ತೆರೆದಿದ್ದ ಟ್ರೆಂಚಿನ ಚಿತ್ರಗಳು ಮಗನ ಫೋನಿನಲ್ಲಿವೆ.

ಈ ವರ್ಷ ಮುಂಗಾರು ಬಂದಾಗ ಅದೇ ಕೆಲಸದವನು ಗುದ್ದಲಿ ಹಿಡಿದು ಬಂದು, ಮೊದಲು ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತನು. ಅಕ್ಷರ ಬಾರದ ಅವನಿಗೆ ನನ್ನ ಮೊಮ್ಮಗನು ಬೆರಳಿಟ್ಟು ದಾರಿಯನ್ನು ತೋರಿಸಿದನು. ತೆಂಗಿನ ಸಸಿಯು ಈಗ ಎರಡು ಗರಿ ಬಿಟ್ಟಿದೆ. ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ನೆಲದೊಳಗೆ ಏನನ್ನು ಹೂಳಿದರೂ ಅದರ ನೆನಪನ್ನು ಮಾತ್ರ ಹೂಳಬೇಡಿ. ನಾವು ಹೋದ ಮೇಲೂ ಆ ನೆಲವನ್ನು ಅಗೆಯುವವರು ಇರುತ್ತಾರೆ.