ಡೇಟಾ ಅಗ್ಗ, ಚಿಕಿತ್ಸೆ ದೂರ

2014ರಲ್ಲಿ ಒಂದು ಜಿಬಿ ಡೇಟಾಕ್ಕೆ ನಮ್ಮ ದೇಶದಲ್ಲಿ ಸರಾಸರಿ 269 ರೂಪಾಯಿ ಬೀಳುತ್ತಿತ್ತು. 2024ರ ಜುಲೈನಲ್ಲಿ ದರ ಏರಿಸಿದ ಮೇಲೂ ಜಿಯೋದಲ್ಲಿ 299 ರೂಪಾಯಿಗೆ 28 ದಿನ, ದಿನಕ್ಕೆ 1.5 ಜಿಬಿ ಸಿಕ್ಕಿತು. ಅಂದರೆ ಜಿಬಿಗೆ ಏಳು ರೂಪಾಯಿ ಚಿಲ್ಲರೆ. ಪುಣೆಯಿಂದ ದಿವೇ ಘಾಟ್ ಹತ್ತಿ ಬಂದರೆ ಸಿಗುವ ಸಾಸವಡದಲ್ಲೂ ಆಗ ಇದೇ ದರ.

ಈ ಅಗ್ಗದ ಡೇಟಾ ಮನಸ್ಸನ್ನು ಕೆಡಿಸುತ್ತಿದೆಯೇ? 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ 73 ಮನೆಗಳ 169 ಜನರನ್ನು ಗಮನಿಸಿದ ರಾಬರ್ಟ್ ಕ್ರೌಟ್ ತಂಡ, ಇಂಟರ್ನೆಟ್ ಬಳಕೆ ಹೆಚ್ಚಿದಂತೆ ಖಿನ್ನತೆಯೂ ತುಸು ಹೆಚ್ಚಿತು ಎಂದಿತು. 2002ರಲ್ಲಿ ಅದೇ ತಂಡ, ಆ ಪರಿಣಾಮ ಬಹುಪಾಲು ಕರಗಿದೆ ಎಂದು ಬರೆಯಿತು. 2019ರಲ್ಲಿ 3,55,358 ಹದಿಹರೆಯದವರ ಮಾಹಿತಿ ಜಾಲಾಡಿದಾಗ, ಅವರ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4. ಹಾಗೆಂದು ಸುಮ್ಮನಿರುವಂತಿಲ್ಲ. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಪೈಕಿ ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿತು. ಮೂರು ವಾರದಲ್ಲಿ, ಮೊದಲೇ ಕುಗ್ಗಿದ್ದವರ ಖಿನ್ನತೆ ಇಳಿಯಿತು. ಎಲ್ಲರಿಗೂ ಒಂದೇ ಏಟಲ್ಲ, ಕುಗ್ಗಿದವರಿಗೆ ಹೆಚ್ಚು.

ಆ ಕುಗ್ಗಿದವರು ಎಷ್ಟು ಜನ? ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ಖಿನ್ನತೆಯಲ್ಲಿದ್ದ ವಯಸ್ಕರು ಶೇ. 2.7. ಅವರಲ್ಲಿ ಚಿಕಿತ್ಸೆ ಸಿಗದವರು ಶೇ. 85ರಷ್ಟು. ಮಹಾರಾಷ್ಟ್ರ ಆ ಪಟ್ಟಿಯಲ್ಲಿರಲಿಲ್ಲ. ಆದರೂ ದೇಶದ ಸರಾಸರಿಯನ್ನೇ ಹಿಡಿದರೆ, ಸಾಸವಡದಂಥ ಊರಿನ ಪ್ರತಿ 10,000 ವಯಸ್ಕರಲ್ಲಿ 270 ಜನ ಖಿನ್ನರು, 230 ಜನ ಚಿಕಿತ್ಸೆಯಿಲ್ಲದವರು. ಮೊಬೈಲ್ ಕಸಿದುಕೊಳ್ಳುವ ಜಗಳಕ್ಕಿಂತ ಈ 230 ನನ್ನನ್ನು ಹೆಚ್ಚು ಕಾಡುತ್ತದೆ.

ಚಿಕಿತ್ಸೆ ಸಿಗದಿರುವುದಕ್ಕೆ ಕಾರಣ ದುಡ್ಡೂ ಹೌದು. ರೋಗಿಯಿರುವ ಕುಟುಂಬ ಚಿಕಿತ್ಸೆಗೆ, ಓಡಾಟಕ್ಕೆ ತಿಂಗಳಿಗೆ 1,000ದಿಂದ 1,500 ರೂಪಾಯಿ ಕಳೆಯುತ್ತಿತ್ತು ಎಂದು ಅದೇ ಸಮೀಕ್ಷೆ ಹೇಳಿದೆ. ಆ 299 ರೂಪಾಯಿಯ ಡೇಟಾ ಪ್ಯಾಕಿನ ಮೂರರಿಂದ ಐದು ಪಟ್ಟು. ಸರ್ಕಾರಿ ಮನೋರೋಗ ಆಸ್ಪತ್ರೆ ಇರುವುದು ಪುಣೆಯ ಯರವಡದಲ್ಲಿ. ದಿನಗೂಲಿಯವನಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯೂ ಹೋದಂತೆ.

ಮಿತಿಮೀರಿದ ಡಿಜಿಟಲ್ ಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ‘ಷಟ್’ ಕ್ಲಿನಿಕ್ ತೆರೆದಿದೆ, ಆದರೆ ಬೆಂಗಳೂರು ಸಾಸವಡಕ್ಕೆ ಬಲು ದೂರ. ಹತ್ತಿರವಿರುವುದು ಫೋನೇ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಶುಲ್ಕವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ದುಡಿಮೆಗೆಂದು ಪುಣೆ ಜಿಲ್ಲೆಗೆ ಬಂದ ಕನ್ನಡಿಗರು ಈ ಸಂಖ್ಯೆಯನ್ನು ದಯವಿಟ್ಟು ಫೋನಿನಲ್ಲಿ ಉಳಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಎರಡು ವಾರದಿಂದ ನಿದ್ದೆ, ಊಟ, ಕೆಲಸದ ಮೇಲೆ ಮನಸ್ಸಿಲ್ಲವೆಂದರೆ ಇವತ್ತೇ ಕರೆ ಮಾಡಿ.