ಹೈದರಾಬಾದು ಬಿಟ್ಟುಕೊಟ್ಟ ಪಂದ್ಯ

ಮಂತ್ರಿಮಂಡಲಗಳು ಬರುತ್ತವೆ, ಹೋಗುತ್ತವೆ; ಸರಕಾರವು ಮಾತ್ರ ಉಳಿಯತಕ್ಕದ್ದು. ಒಂದು ಮಂತ್ರಿಮಂಡಲವು ಸರಕಾರದ ಹೆಸರಿನಲ್ಲಿ ಕೊಟ್ಟ ವಚನವು ಅದರೊಡನೆಯೇ ಅಳಿಯಬೇಕೇ ಎಂಬ ಪ್ರಶ್ನೆಯು ಮೋಟಾರು ಪಂದ್ಯದಂತಹ ವಿನೋದದ ವಿಷಯದಲ್ಲಿಯೂ ಉದ್ಭವಿಸಬಹುದೆಂಬುದಕ್ಕೆ 2024ರ ಆರಂಭದಲ್ಲಿ ಹೈದರಾಬಾದಿನಲ್ಲಿ ನಡೆದ ಸಂಗತಿಯೇ ನಿದರ್ಶನ.

ವಿದ್ಯುಚ್ಚಾಲಿತ ಕಾರುಗಳ ಫಾರ್ಮುಲಾ ಇ ಪಂದ್ಯಾವಳಿಯು 2014ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಲ್ಲಿ ಆರಂಭವಾಯಿತು. ಅಂದಿನಿಂದಲೂ ಅದರಲ್ಲಿ ಸ್ಪರ್ಧಿಸುತ್ತ ಬಂದ ತಂಡಗಳಲ್ಲಿ ನಮ್ಮ ಮಹೀಂದ್ರಾ ಸಂಸ್ಥೆಯದೂ ಒಂದು. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿನ ಕಂಪೆನಿಯನ್ನು 2010ರಲ್ಲಿ ವಶಕ್ಕೆ ತೆಗೆದುಕೊಂಡ ಸಂಸ್ಥೆಯೇ ಇದು. ಪಂದ್ಯದ ಕಾರುಗಳ ವೇಗವು ಗಂಟೆಗೆ 320 ಕಿಲೋಮೀಟರನ್ನು ಮುಟ್ಟಬಲ್ಲುದು. ವೇಗ ತಗ್ಗಿಸುವಾಗ ವ್ಯರ್ಥವಾಗತಕ್ಕ ಶಕ್ತಿಯು ವಿದ್ಯುತ್ತಾಗಿ ಮರಳಿ ಬ್ಯಾಟರಿಯನ್ನು ಸೇರುತ್ತದೆ. 2023ರ ಫೆಬ್ರವರಿ 11ರಂದು ಇಂತಹ ಕಾರುಗಳು ಹುಸೇನ್ ಸಾಗರದ ದಂಡೆಯಲ್ಲಿ ಓಡಿದುವು. ಫ್ರಾನ್ಸಿನ ಜ್ಯಾಂ ಎರಿಕ್ ವೆರ್ನ್ ಗೆದ್ದರು.

ಮುಂದಿನ ಋತುವಿಗೆ ಸಿದ್ಧತೆಗಳು ನಡೆದುವು. ಮಹೀಂದ್ರಾ ತಂಡವು ಹಳೆಯ ಸಾರಥಿಗಳನ್ನು ಬಿಟ್ಟು, ಹಿಂದೊಮ್ಮೆ ಜಗಜ್ಜೇತರಾಗಿದ್ದ ನಿಕ್ ಡಿ ವ್ರೀಸರನ್ನೂ ಎಡೋರ್ಡೊ ಮೊರ್ಟಾರರನ್ನೂ ನೇಮಿಸಿಕೊಂಡಿತು. ಪಂದ್ಯಗಳ ಪಂಚಾಂಗಕ್ಕೆ ಟೋಕಿಯೋ ಹೊಸದಾಗಿ ಸೇರಿತು. ರೋಮಿನ ಬೀದಿಗಳಿಗೆ ಬದಲಾಗಿ ಮಿಸಾನೊ ಎಂಬ ಖಾಯಂ ಪಥವು ಗೊತ್ತಾಯಿತು. ಹೈದರಾಬಾದಿಗೆ 2024ರ ಫೆಬ್ರವರಿ 10 ನಿಗದಿಯಾಗಿತ್ತು. ಅಷ್ಟರಲ್ಲಿ, 2023ರ ಡಿಸೆಂಬರಿನಲ್ಲಿ, ತೆಲಂಗಾಣದ ಸರಕಾರವು ಬದಲಾಯಿತು. ಅಕ್ಟೋಬರಿನಲ್ಲಿ ಮಾಡಿಕೊಂಡಿದ್ದ ಒಪ್ಪಂದವನ್ನು ರಾಜ್ಯದ ಪೌರಾಡಳಿತ ಇಲಾಖೆಯು ನಡೆಸಿಕೊಡುವುದಿಲ್ಲವಾದ ಕಾರಣ ಪಂದ್ಯವು ರದ್ದಾಯಿತೆಂದು ವ್ಯವಸ್ಥಾಪಕರು ಜನವರಿ 5ರಂದು ಸಾರಿದರು. ಮೆಕ್ಸಿಕೋದಲ್ಲಿ ಋತುವು ಆರಂಭವಾಗಲು ಉಳಿದಿದ್ದುದು ಎಂಟೇ ದಿನ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಮಹೀಂದ್ರಾ ತಂಡಕ್ಕೆ ತವರಿನ ಪಂದ್ಯವೇ ತಪ್ಪಿತು.

ಕ್ರಮವಾದ ಮಂಜೂರಾತಿಯಿಲ್ಲದೆ ಹಿಂದಿನವರು ಒಪ್ಪಂದ ಮಾಡಿಕೊಂಡರೆಂಬುದು ಹೊಸ ಸರಕಾರದ ಆಕ್ಷೇಪ. 2024ರ ಡಿಸೆಂಬರಿನಲ್ಲಿ ಹಣ ಸಂದಾಯದ ಬಗೆಗೆ ಮೊಕದ್ದಮೆಯೂ ದಾಖಲಾಯಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯವೇ ನಿರ್ಣಯಿಸತಕ್ಕದ್ದು. ನಾವು ಅದಕ್ಕೆ ಕೈಹಾಕುವುದಿಲ್ಲ. ಪ್ರಜೆಗಳ ಹಣವನ್ನು ವೆಚ್ಚಮಾಡುವ ಕರಾರನ್ನು ಪರೀಕ್ಷಿಸುವ ಹಕ್ಕು ಹೊಸಬರಿಗೆ ಉಂಟೆಂಬುದು ನಿರ್ವಿವಾದ. ಆದರೆ ಅತಿಥಿಗಳನ್ನು ಹೊಸ್ತಿಲವರೆಗೆ ಕರೆದು ಬಾಗಿಲು ಮುಚ್ಚುವುದು ಪರೀಕ್ಷೆಯ ರೀತಿಯಲ್ಲ. ಜಕಾರ್ತಾ ನಗರವನ್ನು ನೋಡಿರಿ. 2024 ಅಲ್ಲಿ ಚುನಾವಣೆಯ ವರ್ಷ. ಆ ಋತುವಿನ ಪಂಚಾಂಗದಲ್ಲಿ ಅದರ ಹೆಸರು ಇರಲಿಲ್ಲ. 2025ರ ಜೂನಿನಲ್ಲಿ ಪಂದ್ಯವು ಅಲ್ಲಿಗೆ ಮರಳಿತು. ಆ ಋತುವಿನ ಪಂಚಾಂಗದಲ್ಲಿ ಹೈದರಾಬಾದಿನ ಹೆಸರು ಮಾತ್ರ ಇರಲಿಲ್ಲ.

ಇದರಿಂದ ಕಲಿಯತಕ್ಕ ಪಾಠಗಳು ಎರಡು. ಬೊಕ್ಕಸದ ಮೇಲೆ ಭಾರ ಹೊರಿಸುವ ಯಾವ ಒಪ್ಪಂದವನ್ನೂ ಚುನಾವಣೆಯ ಸಂದಣಿಯಲ್ಲಿ ಅವಸರದಿಂದ ಮಾಡಲಾಗದು. ಶಾಸನಸಭೆಯ ಮುಂದಿಟ್ಟು, ಲೆಕ್ಕವನ್ನು ಬಹಿರಂಗಪಡಿಸಿ ಮಾಡಬೇಕು. ಹಾಗೆ ಮಾಡಿದ ಮೇಲೆ, ಗದ್ದುಗೆಯ ಮೇಲೆ ಯಾರೇ ಕುಳಿತಿರಲಿ, ಅದನ್ನು ನಡೆಸಿಕೊಡಬೇಕು. ಪಂದ್ಯವೊಂದು ತಪ್ಪಿದುದರಿಂದ ದೇಶವು ಮುಳುಗಲಿಲ್ಲ, ನಿಜ. ಆದರೆ ಸರಕಾರದ ಸಹಿಗೆ ಬೆಲೆಯಿಲ್ಲವೆಂಬ ಮಾತು ಹೊರಗೆ ಹರಡಿದರೆ, ಆ ನಷ್ಟವನ್ನು ಯಾವ ಬೊಕ್ಕಸವೂ ತುಂಬಿಕೊಡಲಾರದು.