ರಾತ್ರಿ ಪಾಳಿಯ ಸೊಸೆಗೆ ಹಗಲು ನಿದ್ದೆ

ನಮ್ಮ ಸಂಜಯನಗರಕ್ಕೆ ಎಂ.ಎಸ್. ರಾಮಯ್ಯ ಆಸ್ಪತ್ರೆ ಹತ್ತಿರ. ಹಾಗಾಗಿ ಇಲ್ಲಿ ನರ್ಸಮ್ಮಂದಿರ ಮನೆಗಳಿಗೆ ಕೊರತೆಯಿಲ್ಲ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಪಾಳಿಯ ದುಡಿಮೆ ಅವರದು. ರಾತ್ರಿಯೆಲ್ಲ ವಾರ್ಡಿನಲ್ಲಿ ಓಡಾಡಿ ಬಂದವಳು ಹಗಲು ಮಲಗಿದರೆ, ‘ಎಷ್ಟು ಹೊತ್ತೂಂತ ಮಲಗ್ತಾಳಮ್ಮ’ ಎನ್ನುವವರು ನಾವೇ ಅಲ್ಲವೇ? ಇಂಜೆಕ್ಷನ್ನಿನ ಅಳತೆ ನೋಡುವ ಕಣ್ಣಿಗೆ ನಿದ್ದೆಯಿಲ್ಲದಿದ್ದರೆ ರೋಗಿಯ ಗತಿಯೇನು?

2017ರ ಕಾನೂನು ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರಕ್ಕೇರಿತು. 50 ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವೂ ಕಡ್ಡಾಯವಾಯಿತು. ಆದರೆ ಮನೆಯೊಳಗಿನ ನಿದ್ದೆಗೆ ಕಾನೂನಿಲ್ಲ. ಅದು ನಮ್ಮ ಕೈಲೇ ಇದೆ.

ಅವಳು ಬಂದೊಡನೆ ಬಿಸಿ ತಿಂಡಿ ಕೊಡಿ. ಕೋಣೆಗೆ ಬೆಳಕು ಬೀಳದಂತೆ ಪರದೆ ಎಳೆಯಿರಿ. ಕುಕ್ಕರ್ ಕೂಗುವ ಅಡಿಗೆ ಮೊದಲೇ ಮುಗಿಸಿ. ಮಧ್ಯಾಹ್ನದವರೆಗೆ ಮಗುವನ್ನು ನೀವೇ ಆಡಿಸಿ. ಕಣ್ತುಂಬ ನಿದ್ದೆಯಾದವಳಿಗೆ ಡ್ಯೂಟಿಯೂ ಹೊರೆಯಾಗದು, ಮನೆಯೂ ಬೇಸರವಾಗದು.